ಹಲಗೆಯ ಮೇಲಿನ ಬೆರಳು

ಜೂನ್ ೧೧

ಚಿಕ್ಕಮ್ಮ,

ಬೆಳಗಿನ ಜಾವ ಮೂರೂಕಾಲು. ಟಣ್, ಟಣ್, ಒಂದು ಉಸಿರು ಬಿಟ್ಟು ಮತ್ತೆ ಟಣ್. ನನ್ನ ಮಿಡತೆ ಮಗಳು ಎದ್ದು ಕೂತು ಮಂಚದ ಕಂಬಿಗೆ ಚಮಚ ಬಡಿಯುತ್ತಿದ್ದಾಳೆ. ಆ ಹಾಳು ಚಮಚ ಕೈಯಲ್ಲಿಲ್ಲದೆ ಅವಳು ಮಲಗುವುದಿಲ್ಲ, ಇದ್ದರೆ ನಾನು ಮಲಗುವುದಿಲ್ಲ. ಇವರಿಗೆ ಪ್ರೆಸ್ಸಿನಲ್ಲಿ ನೈಟ್ ಶಿಫ್ಟು, ಪೇಪರಿನ ಕಟ್ಟುಗಳು ಲಾರಿ ಹತ್ತಿದ ಮೇಲೆಯೇ ಮನೆ. ಅತ್ತೆ ನಡುಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದಾರೆ. ನಾನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ನಿನಗೆ ಈಮೇಲ್ ಬರೆಯುತ್ತಿದ್ದೇನೆ. ನಿನ್ನ ದೇಶದಲ್ಲಿ ಇನ್ನೂ ಸಂಜೆ, ನೀನು ಆರಾಮಾಗಿ ಕಾಲು ಚಾಚಿ ಕೂತಿರುತ್ತೀಯ.

ಫೋನು ಬೇಡ ಅಂದವಳು ನೀನು. ಬೇಸಿಗೆಯಲ್ಲಿ ಜಗಳ ಆದಾಗ, ದನಿ ಕೇಳಿದರೆ ಇಬ್ಬರಿಗೂ ಉರಿಯುತ್ತೆ, ಬರೆದು ಕಳಿಸು, ಬರೆಯುವಷ್ಟರಲ್ಲಿ ಅರ್ಧ ಕೋಪ ಇಳಿದಿರುತ್ತೆ ಅಂದೆ. ಇಳಿದಿಲ್ಲ. ಆರು ವರ್ಷದ ಮಗುವಿನ ಬಗ್ಗೆ "ಮಾತು ಬರದೇ ಹೋಗಬಹುದು, ಅದಕ್ಕೂ ಮನಸ್ಸು ಗಟ್ಟಿ ಮಾಡ್ಕೋ" ಅಂದಿದ್ದನ್ನು ನಾನು ಮರೆತಿಲ್ಲ. ಇಲ್ಲಿನ ಆಸ್ಪತ್ರೆಯಲ್ಲಿದ್ದಾಗ ಅವಳ ಕಿವಿ ಚೆನ್ನಾಗಿದೆ ಅಂತ ಪರೀಕ್ಷೆ ಮಾಡಿ ಹೇಳಿದವಳೂ ನೀನೇ. ಕಿವಿ ಚೆನ್ನಾಗಿದ್ದ ಮೇಲೆ ಮಾತು ಎಲ್ಲಿ ಹೋಗಿ ಕೂತಿತು ಅಂತ ಮಾತ್ರ ಯಾರೂ ಹೇಳಲಿಲ್ಲ.

ಈಗ ಕೇಳು. ಅದು ಒಳಗೇ ಇತ್ತು.

ಇಲ್ಲಿ ಚಪ್ಪಲಿ ಅಂಗಡಿಯ ಮಹಡಿ ಮೇಲೆ ಹೊಸದೊಂದು ಸೆಂಟರು ಬಂದಿದೆ. ನಡೆಸುವ ಮೇಡಂ ಬಹಳ ಮೆತ್ತಗೆ ಮಾತಾಡುತ್ತಾರೆ, ಎಷ್ಟು ಅಂದರೆ ನಾವೇ ಬಾಗಿ ಕಿವಿ ಕೊಡಬೇಕು. ಅವರ ಹತ್ತಿರ ಒಂದು ಪ್ಲಾಸ್ಟಿಕ್ ಹಲಗೆ ಇದೆ, ಅದರ ತುಂಬ ಅಕ್ಷರಗಳು, ಕೆಳಗಿನ ಸಾಲಿನಲ್ಲಿ ಕೊಂಬು, ದೀರ್ಘ ಎಲ್ಲ. ಮಗುವಿನ ಮನಸ್ಸಿಗೆ ಎಲ್ಲವೂ ತಿಳಿದಿದೆ, ಕೈ ಅದರ ಮಾತು ಕೇಳುತ್ತಿಲ್ಲ ಅಷ್ಟೇ, ನೀವು ಕೈಗೆ ಬರೀ ಆಸರೆ ಕೊಡಿ ಅಂದರು. ನಾನು ಅವಳ ಮುಂಗೈ ಹಿಡಿದುಕೊಂಡೆ. ಪುಟ್ಟ ತೋರುಬೆರಳು ಸ್ವಲ್ಪ ಹೊತ್ತು ಗಾಳಿಯಲ್ಲಿ ತೇಲಾಡಿತು. ಆಮೇಲೆ ಅ. ಆಮೇಲೆ ಮ. ಮತ್ತೆ ಮ.

ಅಕ್ಷರ ಯಾವಾಗ ಕಲಿತಳು ಅಂತ ನೀನು ಕೇಳುತ್ತೀಯ. ಅಂಗಡಿ ಬೋರ್ಡು, ಅಪ್ಪ ತರುವ ಪೇಪರು ನೋಡಿ ತಾನಾಗಿಯೇ ಕಲಿತಿದ್ದಾಳಂತೆ. ಅತ್ತೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, ನನ್ನ ಮೊಮ್ಮಗಳು ಇಷ್ಟು ದಿನ ನಮ್ಮನ್ನೆಲ್ಲ ಆಟ ಆಡಿಸ್ತಿದ್ದಳು ಅಂತ ನಕ್ಕರು. ಹಲಗೆ ಈಗ ಮನೆಗೂ ಬಂದಿದೆ. ನಿನ್ನೆ ಸಂಜೆ ಬರೆದಳು: ಅಮ್ಮಾ ನಾನು ಇಲ್ಲೇ ಇದ್ದೀನಿ.

ನಿನಗೆ ತಿಳಿಸಬೇಕು ಅನ್ನಿಸಿತು. ಹಟಕ್ಕಲ್ಲ. ಸರಿ, ಸ್ವಲ್ಪ ಹಟಕ್ಕೇ.

ನಿನ್ನ
ಗಡಿಬಿಡಿ


ಜೂನ್ ೧೯

ಗಡಿಬಿಡಿ,

ನಿನ್ನ ಪತ್ರವನ್ನು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಓದಿದೆ. ಇಲ್ಲೇ ಇದ್ದೀನಿ ಅನ್ನುವ ಆ ಸಾಲಿಗೆ ಬಂದಾಗ ಕಣ್ಣು ತುಂಬಿ ಬಂತು, ಎದುರಿಗೆ ಕೂತಿದ್ದ ಡಾಕ್ಟರು ಸೂಪಿನಲ್ಲಿ ಖಾರ ಜಾಸ್ತಿಯಾ ಅಂತ ಕೇಳಿದರು. ಇದನ್ನು ಮೊದಲು ಹೇಳಿಬಿಡುತ್ತೇನೆ. ಮುಂದಿನದನ್ನು ಓದುವ ಮೊದಲು ಎದ್ದು ಒಂದು ಲೋಟ ನೀರು ಕುಡಿ.

ಚಿಕ್ಕ ಮಕ್ಕಳ ಕಿವಿ ನೋಡುವಾಗ ನಾವು ಮಗುವನ್ನು ತಾಯಿಯ ತೊಡೆ ಮೇಲೆ ಕೂರಿಸುತ್ತೇವೆ. ಮೂಲೆಯ ಸ್ಪೀಕರಿನಿಂದ ಸಣ್ಣ ಸದ್ದು ಬರುತ್ತೆ. ಮಗು ಆ ಕಡೆ ತಿರುಗಿದರೆ ಕೇಳಿಸಿತು ಅಂತ ಲೆಕ್ಕ. ಆದರೆ ಶುರು ಮಾಡುವ ಮೊದಲು ತಾಯಿಯ ಕಿವಿಗೆ ಹೆಡ್‌ಫೋನ್ ಹಾಕಿ ಜೋರಾಗಿ ಹಾಡು ಬಿಡುತ್ತೇವೆ. ನಿನಗೂ ಹಾಕಿದ್ದೆ, ಹಾಡು ಚೆನ್ನಾಗಿಲ್ಲ ಅಂತ ನೀನು ಗೊಣಗಿದ್ದೆ, ನೆನಪಿದೆಯಾ? ಯಾಕೆ ಹಾಕುತ್ತೇವೆ ಅಂತ ಆಗ ನೀನು ಕೇಳಲಿಲ್ಲ. ತಾಯಿಗೆ ಸದ್ದು ಕೇಳಿಸಿದರೆ ಅವಳ ತೊಡೆ ಬಿಗಿಯಾಗುತ್ತೆ, ಉಸಿರು ಒಂದು ಕ್ಷಣ ನಿಲ್ಲುತ್ತೆ, ಮಗು ಅದಕ್ಕೇ ತಿರುಗಿಬಿಡುತ್ತೆ. ಯಾವ ತಾಯಿಯೂ ಮೋಸ ಮಾಡುವುದಿಲ್ಲ ಕಣೇ. ಅವಳಿಗೇ ಗೊತ್ತಾಗುವುದಿಲ್ಲ. ಮಗು ತಿರುಗಲಿ ಅಂತ ಮೈಯೆಲ್ಲ ಕಾಯುತ್ತಿರುತ್ತೆ, ಅಷ್ಟೇ.

ನಿನ್ನ ಕೈಗೆ ಹೆಡ್‌ಫೋನ್ ಹಾಕುವುದು ಹೇಗೆ ಅಂತ ನಾನೀಗ ಯೋಚಿಸುತ್ತಿದ್ದೇನೆ.

ಒಂದು ಸಲ, ಒಂದೇ ಸಲ, ನೀನು ನೋಡದೇ ಇರುವ ಯಾವುದಾದರೂ ಚಿತ್ರವನ್ನು ಮಿಡತೆಗೆ ತೋರಿಸು. ಆಮೇಲೆ ಕೈ ಹಿಡಿ. ಅವಳ ಬೆರಳು ಆ ಚಿತ್ರದ ಹೆಸರು ಬರೆದರೆ ನಾನು ರಜೆ ಹಾಕಿ ಬಂದು ನಿನ್ನ ಮೇಡಂ ಕಾಲು ಹಿಡಿಯುತ್ತೇನೆ, ಚಪ್ಪಲಿ ಅಂಗಡಿಯ ಎದುರಿಗೇ.

ಮೇಡಂ ಹತ್ತಿರ ಇನ್ನೊಂದು ಕೇಳು. ಜಗಳ ಆಡುವ ದನಿಯಲ್ಲಿ ಬೇಡ, ನಿಜವಾಗಿ ತಿಳಿದುಕೊಳ್ಳಲು ಕೇಳು: ಏನು ಕಂಡರೆ ಇದು ತಪ್ಪು ಅಂತ ನೀವು ಒಪ್ಪುತ್ತೀರಿ? ನಾನು ಕಿವಿ ನೋಡುವ ಯಂತ್ರವನ್ನು ತಪ್ಪು ಅಂತ ತೋರಿಸಲು ಬೇಕಾದಷ್ಟು ದಾರಿಗಳಿವೆ, ಪ್ರತಿ ವರ್ಷ ಅದರ ಅಳತೆ ಸರಿನೋಡುವವನೊಬ್ಬ ಬಂದು ಅದನ್ನೇ ಮಾಡಿ ಹೋಗುತ್ತಾನೆ. ನಾನು ಅದನ್ನು ನಂಬುವುದು ಆ ಕಾರಣಕ್ಕೆ.

ಊಟ ಸರಿಯಾಗಿ ಮಾಡು. ಅತ್ತೆಗೆ ನಮಸ್ಕಾರ ಹೇಳು.

ಚಿಕ್ಕಮ್ಮ


ಜುಲೈ ೨೪

ಚಿಕ್ಕಮ್ಮ,

ಉತ್ತರ ಬರೆಯಬಾರದು ಅಂತಲೇ ಇದ್ದೆ. ನಿನ್ನ ಪತ್ರ ಓದಿದ ಮೇಲೆ ಎರಡು ದಿನ ಹಲಗೆ ಮುಟ್ಟಲು ನನಗೆ ಹೆದರಿಕೆಯಾಯಿತು. ಅದಕ್ಕೆ ನಿನ್ನನ್ನು ಕ್ಷಮಿಸುವುದು ಕಷ್ಟ.

ನೀನು ಹೇಳಿದ್ದನ್ನು ಕೇಳಿದೆ. ಮೇಡಂಗೆ ಕೋಪ ಬರಲಿಲ್ಲ, ನಕ್ಕರು. ಇದು ತಪ್ಪಾಗಲು ಸಾಧ್ಯವೇ ಇಲ್ಲಮ್ಮ, ಅದೇ ಇದರ ಹೆಚ್ಚುಗಾರಿಕೆ ಅಂದರು. ಮಗು ಸರಿಯಾಗಿ ಬರೆದರೆ ಅದು ಮಗುವಿನ ಮಾತು. ತಪ್ಪು ಬರೆದರೆ ಅವತ್ತು ಮಗುವಿಗೆ ಬೇಸರವಾಗಿದೆ. ಬರೆಯದೇ ಹೋದರೆ ಹಿಡಿದವರಲ್ಲಿ ನಂಬಿಕೆ ಕಮ್ಮಿ. ಪರೀಕ್ಷೆ ಮಾಡುವುದು ಮಗುವಿಗೆ ಅವಮಾನ, ನಿಮ್ಮ ಗಂಡ ದಿನಾ ನಿಮ್ಮ ಪ್ರೀತಿಯನ್ನ ಪರೀಕ್ಷೆ ಮಾಡಿದರೆ ಹೇಗಿರುತ್ತೆ ಅಂದರು. ನನಗೆ ಸರಿ ಅನ್ನಿಸಿತು. ಮೆಟ್ಟಿಲಿಳಿದು ಚಪ್ಪಲಿ ಅಂಗಡಿ ದಾಟುವವರೆಗೆ ಸರಿ ಅನ್ನಿಸುತ್ತಲೇ ಇತ್ತು. ನಾನೂ ಬಿಎಸ್ಸಿ ಮಾಡಿದವಳು. ಸೆಂಟರಿನ ಗೋಡೆ ತುಂಬ ಮೆದುಳಿನ ಬಣ್ಣದ ಚಿತ್ರಗಳಿವೆ, ಮಾತು ಮಾತಿಗೆ ನರ, ಕೋಶ ಅನ್ನುತ್ತಾರೆ. ಮಂತ್ರ ತಂತ್ರದವರಲ್ಲ.

ಬೆರಳು ಬರೆಯುವಾಗ ಮಿಡತೆ ಹಲಗೆ ನೋಡುವುದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಚ್ಚಿಟ್ಟಳು ಅನ್ನುತ್ತೀಯ. ಕಿಟಕಿ ನೋಡುತ್ತಾಳೆ. ಓರೆಗಣ್ಣಿನಲ್ಲಿ ಹಲಗೆಯೂ ಕಾಣುತ್ತದಂತೆ.

ಮೊನ್ನೆ ಅತ್ತೆಗೂ ಆಸೆಯಾಯಿತು. ಕನ್ನಡಕ ಒರೆಸಿ ಹಾಕಿಕೊಂಡು, ಕೈ ತೊಳೆದುಕೊಂಡು ಬಂದು ಕೂತರು, ಪರೀಕ್ಷೆಗೆ ಕೂತ ಹುಡುಗಿಯ ಹಾಗೆ. ಏನೂ ಬರಲಿಲ್ಲ. ಬೆರಳು ಹಲಗೆಯ ಮೇಲೆ ಸುಮ್ಮನೆ ಬಿದ್ದಿತ್ತು. ಆಮೇಲೆ ಮಿಡತೆ ಕೈ ಬಿಡಿಸಿಕೊಂಡು ತನ್ನ ಚಮಚವನ್ನು ಅತ್ತೆಯ ಅಂಗೈಯಲ್ಲಿಟ್ಟು ಹೋದಳು. ಅದು ಅವಳ ದಿನದ ಅಭ್ಯಾಸ, ಬೆಳಿಗ್ಗೆ ಎದ್ದರೆ ಮೊದಲು ಅತ್ತೆಯ ಹಾಸಿಗೆಗೆ ಹೋಗಿ ಚಮಚ ಕೊಡುತ್ತಾಳೆ. "ಅಮ್ಮನಿಗೆ ಅಕ್ಷರ, ನನಗೆ ಚಮಚ. ಇರಲಿ, ನನ್ನ ಯೋಗ್ಯತೆ ಅವಳಿಗೆ ಗೊತ್ತು" ಅಂದರು ಅತ್ತೆ. ನಕ್ಕೇ ಹೇಳಿದರು.

ಚಿಕ್ಕಮ್ಮ, ನನಗೆ ಒಳಗೊಳಗೇ ಖುಷಿಯಾಯಿತು. ಈ ಸಾಲನ್ನು ಅಳಿಸೋಣ ಅಂದುಕೊಂಡೆ, ಇರಲಿ. ನನ್ನ ಕೈಯಿಂದ ಒಂದು ತುತ್ತು ತಿನ್ನದವಳು ಅವರು ತಟ್ಟೆ ತಂದರೆ ಬಾಯಿ ತೆರೆದುಕೊಂಡು ಓಡಿ ಬರುತ್ತಾಳೆ. ಸ್ನಾನ ಅವರೇ ಮಾಡಿಸಬೇಕು, ಉಗುರು ಅವರೇ ಕತ್ತರಿಸಬೇಕು. ಆರು ವರ್ಷ ಈ ಮನೆಯಲ್ಲಿ ನಾನು ಮಗುವಿನ ಬಟ್ಟೆ ಒಗೆಯುವವಳು. ಈಗ ಒಂದು ವಿಷಯ ನನಗೆ ಮಾತ್ರ.

ಅವಳ ಬಲಗೈಯ ಮುಂಗೈ ಮೇಲೆ ಒಂದು ನೀಲಿ ಗುರುತು ಬಿದ್ದಿದೆ. ಎಲ್ಲಿ ತಾಗಿಸಿಕೊಂಡಳೋ. ಮೇಡಂಗೆ ತೋರಿಸಬೇಕು.

ಗಡಿಬಿಡಿ


ಆಗಸ್ಟ್ ೨೦

ಚಿಕ್ಕಮ್ಮ,

ಜಗಳ ಪಕ್ಕಕ್ಕಿಡು. ಏನು ಮಾಡಬೇಕೋ ತೋಚುತ್ತಿಲ್ಲ.

ಆ ನೀಲಿ ಗುರುತು ಹೋಗಿಯೇ ಇಲ್ಲ, ಪಕ್ಕದಲ್ಲಿ ಇನ್ನೊಂದು ಬಂತು. ಮೇಡಂ ಅದನ್ನು ಬಹಳ ಹೊತ್ತು ನೋಡಿದರು. ಮನೆಯಲ್ಲಿ ನನ್ನನ್ನು ಬಿಟ್ಟರೆ ಮಗುವಿನ ಜೊತೆ ಹೆಚ್ಚು ಹೊತ್ತು ಯಾರಿರುತ್ತಾರೆ ಅಂತ ನನ್ನನ್ನು ಕೇಳಿದರು. ಅತ್ತೆ ಅಂದೆ. ಆಮೇಲೆ ಮಿಡತೆಯ ಕಡೆ ಬಾಗಿ, "ನಿನಗೆ ಯಾರಾದ್ರೂ ನೋವು ಮಾಡ್ತಾರಾ ಪುಟ್ಟಾ? ಅಮ್ಮನ ಕೈಯಲ್ಲಿ ಧೈರ್ಯವಾಗಿ ಹೇಳು" ಅಂದರು.

ಬೆರಳು ತಡೆಯಲೇ ಇಲ್ಲ. ಅಜ್ಜಿ ಹೊಡೀತಾಳೆ.

ನಾನು ಇವರಿಗೆ ಹೇಳಿದೆ. ಇವರು ಪ್ರೆಸ್ಸಿನಿಂದ ಬಂದು ಕೈಯ ಮಸಿಯನ್ನೂ ತೊಳೆಯದೆ ನಡುಮನೆಯಲ್ಲಿ ನಿಂತು ಕೇಳಿದರು, ಅಮ್ಮಾ, ಮಗುವಿಗೆ ಹೊಡೆದಿದ್ದೀಯಾ ಅಂತ. ಅತ್ತೆ ಇಲ್ಲ ಅಂದರು. ಸಿಟ್ಟು ಮಾಡಿಕೊಳ್ಳುತ್ತಾರೆ, ರಂಪ ಮಾಡುತ್ತಾರೆ ಅಂದುಕೊಂಡಿದ್ದೆ. ಮಾಡಿದ್ದರೆ ಚೆನ್ನಾಗಿತ್ತು. ಹಲಗೆ ತರಿಸಿ, ಯಾವ ಅಕ್ಷರ ಆದ ಮೇಲೆ ಯಾವ ಅಕ್ಷರ ತೋರಿಸಿದಳು ಅಂತ ನನ್ನಿಂದ ತೋರಿಸಿಕೊಂಡರು. ಮಾರನೇ ದಿನ, ಸ್ನಾನ ಮಾಡಿಸುವಾಗ ಒಂದು ಸಲ ಕೈ ಜೋರಾಗಿ ಎಳೆದಿದ್ದೆ ಅನ್ನಿಸುತ್ತೆ ಅಂದರು. ಅದರ ಮಾರನೇ ದಿನ, ಏಟೂ ಬಿದ್ದಿರಬೇಕು ಅಂದರು. ಇವತ್ತು ನಾನು ಪಾತ್ರೆ ಒರೆಸುತ್ತಿದ್ದಾಗ ಹಿಂದೆ ಬಂದು ನಿಂತು ಹೇಳಿದರು:

"ನೋಡಮ್ಮಾ, ಮಗು ಸುಳ್ಳು ಬರೆಯಲ್ಲ. ಮಾತೇ ಇಲ್ಲದ ಮಗು ಮೊದಲನೇ ಸಲ ನನ್ನ ಬಗ್ಗೆ ಒಂದು ಮಾತು ಹೇಳಿದೆ ಅಂದ್ರೆ, ನಾನೇ ಏನೋ ಮಾಡಿ ಮರೆತಿದೀನಿ."

ಅವರು ಮಿಡತೆಯನ್ನು ಮುಟ್ಟುತ್ತಿಲ್ಲ. ಮಿಡತೆ ಊಟ ಬಿಟ್ಟಿದ್ದಾಳೆ. ಅತ್ತೆ ಇನ್ನು ಮುಂದೆ ಮಗಳ ಮನೆಯಲ್ಲೇ ಇರುವುದು ಅಂತ ತೀರ್ಮಾನ ಆಗಿದೆ. ಅವರೇ ಹೇಳಿದ್ದು, ನಾವು ಹೇಳಿದ್ದಲ್ಲ.

ಬೇಗ ಬರೆ.

ಗಡಿಬಿಡಿ


ಆಗಸ್ಟ್ ೨೧

ಕಂದಾ,

ಫೋನ್ ಕೈಗೆತ್ತಿಕೊಂಡು ಇಟ್ಟೆ. ನನ್ನ ದನಿ ಕೇಳಿದರೆ ನೀನು ವಾದಕ್ಕೆ ನಿಲ್ಲುತ್ತೀಯ. ವಾದದಲ್ಲಿ ನೀನೇ ಗೆಲ್ಲುತ್ತೀಯ, ಚಿಕ್ಕಂದಿನಿಂದಲೂ. ಅದಕ್ಕೇ ಬರೆಯುತ್ತೇನೆ.

ನಿನ್ನ ಅತ್ತೆ ಹೊಡೆದಿಲ್ಲ ಅಂತ ನಾನು ಹೇಳುತ್ತಿಲ್ಲ. ಇಷ್ಟು ದೂರದಿಂದ ನನಗೆ ಹೇಗೆ ಗೊತ್ತಾಗಬೇಕು? ಹಲಗೆಯಿಂದ ಅದು ಗೊತ್ತಾಗುವುದಿಲ್ಲ ಅನ್ನುತ್ತಿದ್ದೇನೆ, ಅಷ್ಟೇ. ಯಾರೋ ನಿಜವಾಗಿ ಅವಳನ್ನು ನೋಯಿಸುತ್ತಿದ್ದರೆ ಅದು ಖಂಡಿತ ಗೊತ್ತಾಗಲೇಬೇಕು, ಊಹೆಯ ಮೇಲೆ ಬಿಡುವ ವಿಷಯವಲ್ಲ. ಮಗುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಯಾರು ಏನು ಹೇಳಿದರು ಅಂತ ಮೊದಲೇ ಹೇಳಬೇಡ, ಕೈ ತೋರಿಸಿ ಸುಮ್ಮನಿರು.

ಅತ್ತೆಗೆ ದಿನಕ್ಕೊಂದು ಹೊಸದು ನೆನಪಾಗುತ್ತಿದೆ ಅಂದೆಯಲ್ಲ, ನನಗೆ ಹೆದರಿಕೆಯಾಗಿದ್ದು ಅದಕ್ಕೆ. ಒಳ್ಳೆಯ ಮನಸ್ಸಿನವರಿಗೆ ತಪ್ಪು ಮಾಡಿದ್ದೀರಿ ಅಂತ ನಂಬಿಕಸ್ಥರು ಹೇಳಿದರೆ ತಾವೇ ತಡಕಾಡಿ ಒಂದು ತಪ್ಪನ್ನು ಹುಡುಕಿಕೊಳ್ಳುತ್ತಾರೆ. ಇನ್ನೊಂದು ವಾರ ಹೋದರೆ ಏಟಿನ ಸದ್ದೂ ಅವರಿಗೆ ನೆನಪಾಗುತ್ತೆ.

ಚಿತ್ರದ ಪರೀಕ್ಷೆ ಮಾಡು. ಒಂದೇ ಅಳತೆಯ ಕಾಗದದಲ್ಲಿ ಚಿತ್ರ ಬರೆದು ಕಲಸು, ಹಿಂಬದಿ ನಿನಗೆ, ಮುಂಬದಿ ಅವಳಿಗೆ. ಎಷ್ಟು ಸರಿಯಾದರೆ ನಂಬುವೆ, ಎಷ್ಟು ತಪ್ಪಾದರೆ ಬಿಡುವೆ ಅಂತ ಕೈ ಹಿಡಿಯುವ ಮೊದಲೇ ಮನಸ್ಸಿನಲ್ಲಿ ಗಟ್ಟಿ ಮಾಡು. ಆಮೇಲೆ ಬದಲಾಯಿಸುವ ಹಾಗಿಲ್ಲ. ನನ್ನ ಮಾತು ತಪ್ಪಾಗಲಿ ಅಂತಲೇ ನನಗೂ ಆಸೆ. ನಿನ್ನಾಣೆ.

ಬೇಸಿಗೆಯಲ್ಲಿ ಆಡಿದ ಮಾತನ್ನು ಇನ್ನೂ ಮೆತ್ತಗೆ ಆಡಬಹುದಿತ್ತು.

ಚಿಕ್ಕಮ್ಮ


ಆಗಸ್ಟ್ ೨೬

ಚಿಕ್ಕಮ್ಮ,

ಬೆಳಗಿನ ನಾಲ್ಕು ಗಂಟೆ. ಚಮಚದ ಸದ್ದಿಗೆ ಎಚ್ಚರವಾಯಿತು. ಈ ಸಲ ಮಂಚದ ಕಂಬಿಯದಲ್ಲ. ಅದಕ್ಕೆ ಆಮೇಲೆ ಬರುತ್ತೇನೆ, ಮೊದಲು ನಿನ್ನೆ ಮಧ್ಯಾಹ್ನದ್ದು ಹೇಳಬೇಕು, ಇಲ್ಲದಿದ್ದರೆ ಹೇಳದೇ ಉಳಿದುಬಿಡುತ್ತೇನೆ.

ಇವರು ಮಲಗಿದ್ದರು. ಅತ್ತೆ ಬಟ್ಟೆ ಮಡಿಸುತ್ತಿದ್ದರು. ನಾನು ಮಿಡತೆಯನ್ನು ಕೋಣೆಗೆ ಕರೆದುಕೊಂಡು ಹೋಗಿ ಚಿಲಕ ಹಾಕಿದೆ. ಕೊಡೆ, ಮೀನು, ಕುರ್ಚಿ, ದೋಣಿ, ಹೂವು, ಗಡಿಯಾರ ಹೀಗೆ ಕೈಗೆ ಬಂದಿದ್ದು ಬರೆದಿಟ್ಟಿದ್ದೆ. ದೋಣಿ ಚೆನ್ನಾಗಿ ಬಂದಿತ್ತು. ಅರ್ಧಕ್ಕಿಂತ ಹೆಚ್ಚು ಸರಿಯಾದರೆ ನಂಬುತ್ತೇನೆ ಅಂತ ನಿನಗೆ ಮಾತು ಕೊಟ್ಟ ಹಾಗೆ ಜೋರಾಗಿಯೇ ಹೇಳಿದೆ. ಮಿಡತೆ ನನ್ನ ಮುಖ ನೋಡಿದಳು.

ಮೊದಲು ನಾನೂ ನೋಡಿದ ಚಿತ್ರಗಳು. ಎಲ್ಲ ಸರಿ. ಬೆರಳು ಇಸ್ತ್ರಿ ಮಾಡಿದ ಹಾಗೆ ಓಡಿತು.

ಆಮೇಲೆ ನಾನು ನೋಡದ ಚಿತ್ರ. ಅವಳ ಕಣ್ಣ ಮುಂದೆ ಹಿಡಿದೆ, ಕೆಳಗಿಟ್ಟೆ, ಮುಂಗೈ ಹಿಡಿದೆ. ಬೆರಳು ತಡವರಿಸುತ್ತೆ ಅಂದುಕೊಂಡಿದ್ದೆ. ತಡವರಿಸಿದ್ದರೆ ಪುಣ್ಯ. ಸ್ವಲ್ಪವೂ ಅನುಮಾನವಿಲ್ಲದೆ ದೋಣಿ ಅಂತ ಬರೆಯಿತು. ನನಗೆ ಎಷ್ಟು ಖುಷಿಯಾಯಿತು ಅಂದರೆ ಕಾಗದ ತಿರುಗಿಸುವ ಮೊದಲೇ ಅವಳಿಗೆ ಮುತ್ತು ಕೊಟ್ಟೆ. ತಿರುಗಿಸಿದರೆ ಕೊಡೆಯ ಚಿತ್ರ. ಮುಂದಿನದಕ್ಕೆ ಮೀನು ಅಂತ ಬರೆಯಿತು, ಅದು ಕುರ್ಚಿ. ಅವಳಿಗೆ ಬೇಸರವಾಗಿರಬೇಕು ಅಂತ ನನ್ನ ಬಾಯಿಂದಲೇ ಬಂತು, ಮೇಡಂ ಹೇಳುವ ಅದೇ ಮೆತ್ತನೆಯ ದನಿಯಲ್ಲಿ. ಬಿಡಲಿಲ್ಲ, ಎಲ್ಲ ಮುಗಿಸಿದೆ. ಒಂದೂ ಸರಿಯಾಗಲಿಲ್ಲ. ಕೊನೆಗೆ ಕಣ್ಣು ಮುಚ್ಚಿಕೊಂಡು ಹಿಡಿದೆ. ಬೆರಳು ಅಕ್ಷರಗಳ ನಡುವಿನ ಖಾಲಿ ಜಾಗದಲ್ಲಿ ಸುತ್ತುತ್ತಿತ್ತು, ಕಣ್ಣು ಬಿಟ್ಟಾಗ ಕಂಡಿತು. ಮಿಡತೆ ಅಷ್ಟು ಹೊತ್ತೂ ಕಿಟಕಿ ನೋಡುತ್ತಿದ್ದಳು. ಹೊರಗೆ ಯಾರದೋ ಬೆಡ್‌ಶೀಟು ಒಣಗುತ್ತಿತ್ತು.

ನಾನು ತಳ್ಳಲಿಲ್ಲ ಚಿಕ್ಕಮ್ಮ. ನನ್ನ ಮಗಳ ಮೇಲಾಣೆ, ನನಗೆ ತಳ್ಳಿದ ಹಾಗೆ ಒಂದು ಸಲವೂ ಅನ್ನಿಸಲಿಲ್ಲ.

ಆಮೇಲೆ ಅವಳ ಕೈ ತಿರುಗಿಸಿ ನೋಡಿದೆ. ಡಾಕ್ಟರು ಅದನ್ನು ನಿನ್ನೆಯೇ ನೋಡಿ, ಇದು ಏಟಿನ ಗುರುತಿನ ಹಾಗಿಲ್ಲ, ಯಾರೋ ಒಂದೇ ಜಾಗದಲ್ಲಿ ಒತ್ತಿ ಹಿಡಿಯುತ್ತಿದ್ದಾರೆ ಅನ್ನಿಸುತ್ತೆ ಅಂದಿದ್ದರು. ಹಲಗೆಗೆ ಹಿಡಿಯುವ ಹಾಗೆ ಹಿಡಿದೆ. ನನ್ನ ಹೆಬ್ಬೆರಳು ನೀಲಿಯ ಮೇಲೆ ಹೋಗಿ ಕೂತಿತು. ಇನ್ನೊಂದರ ಮೇಲೆ ನಡುಬೆರಳು.

ಅಂದರೆ ಅಜ್ಜಿ ಹೊಡೀತಾಳೆ ಅಂದಿದ್ದು ಯಾರು? ಯಾರಿಗೆ ಹಾಗೆ ಅನ್ನಿಸಬೇಕಾಗಿತ್ತು? ನೀನು ಕೇಳುವ ಮೊದಲು ನಾನೇ ಕೇಳಿಕೊಂಡಿದ್ದೇನೆ, ಮಧ್ಯಾಹ್ನದಿಂದ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ.

ಅತ್ತೆ ಬೆಳಿಗ್ಗೆ ಹೊರಡುತ್ತಾರೆ. ಇವರು ಪ್ರೆಸ್ಸಿನಿಂದ ಬರುವಾಗಲೇ ಕಾರು ಕರೆದುಕೊಂಡು ಬರುತ್ತಾರೆ. ರಾತ್ರಿ ಊಟಕ್ಕೆ ಕೂತಾಗ ಹೇಳಬೇಕು ಅಂದುಕೊಂಡೆ. ಅತ್ತೆ ಮಿಡತೆಯ ಊಟದ ವಿಷಯ ನನಗೆ ಹೇಳಿಕೊಡುತ್ತಿದ್ದರು. ತಟ್ಟೆ ಎಡಗಡೆ ಇಡಬೇಕು, ಬಿಸಿ ಇರಬಾರದು, ಮೊದಲ ತುತ್ತು ನಾವು ತಿಂದು ತೋರಿಸಬೇಕು. "ನಿನಗೆ ಸಿಟ್ಟು ಬಂದಾಗ ಸ್ವಲ್ಪ ಹೊತ್ತು ಆಚೆ ಹೋಗಿಬಿಡಮ್ಮಾ, ನನ್ನ ಹಾಗೆ ಮಾಡ್ಕೋಬೇಡ" ಅಂದರು. ತಾವು ಹೊಡೆದಿದ್ದೇವೆ ಅಂತ ಅವರು ಈಗ ಪೂರ್ತಿ ನಂಬಿದ್ದಾರೆ. ನನಗೆ ಹೇಳಲು ಬಾಯಿ ಬರಲಿಲ್ಲ.

ಯಾಕೆ ಅಂತ ನಿನಗೆ ಮಾತ್ರ ಹೇಳುತ್ತೇನೆ. ಆ ಒಂದು ವಾಕ್ಯ ನನ್ನದು ಅಂತ ಒಪ್ಪಿಕೊಂಡರೆ ಅಮ್ಮಾ ನಾನು ಇಲ್ಲೇ ಇದ್ದೀನಿ ಅನ್ನುವುದೂ ನನ್ನದಾಗುತ್ತದೆ. ಇಷ್ಟು ದಿನ ಸಂಜೆ ಸಂಜೆ ನಾನು ನನಗೇ ಕಾಗದ ಬರೆದುಕೊಂಡು ಅಳುತ್ತಿದ್ದೆ ಅಂತಾಗುತ್ತದೆ. ಅದನ್ನು ಜೋರಾಗಿ ಹೇಳಿದ ಕ್ಷಣ ನನ್ನ ಮಗಳು ಇನ್ನೊಂದು ಸಲ ಮೂಕಿಯಾಗುತ್ತಾಳೆ, ಈ ಸಲ ನನ್ನ ಬಾಯಿಂದ.

ಈಗ ಚಮಚ. ಎಚ್ಚರವಾದಾಗ ಮಂಚದಲ್ಲಿ ಅವಳಿರಲಿಲ್ಲ. ನಡುಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಬೀದಿ ದೀಪದ ಬೆಳಕಿತ್ತು. ಅತ್ತೆಯ ಸೂಟ್‌ಕೇಸು ಗೋಡೆಗೆ ಒರಗಿಸಿದೆ, ಮಿಡತೆ ಅದರ ಮುಂದೆ ಕೂತು ಬೀಗಕ್ಕೆ ಚಮಚ ಬಡಿಯುತ್ತಿದ್ದಾಳೆ. ಅತ್ತೆ ಎದ್ದು ಕೂತಿದ್ದಾರೆ, ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡು, ಎಲ್ಲಿ ಮಗುವನ್ನು ಮುಟ್ಟಿಬಿಡುತ್ತೇನೋ ಅನ್ನುವ ಹಾಗೆ. ಮಿಡತೆ ಎದ್ದು ಹೋಗಿ ಆ ಕೈಗಳನ್ನು ಬಿಡಿಸಲು ನೋಡಿದಳು. ಬೆರಳು ಒಂದೊಂದಾಗಿ ಎತ್ತಿದಳು. ಚಮಚ ಒಳಗೆ ತುರುಕಿದಳು. ಅವಳ ಮುಂಗೈಯನ್ನು ಯಾರೂ ಹಿಡಿದಿರಲಿಲ್ಲ.

ಗೊತ್ತು, ಇದನ್ನೂ ನಾನು ನನಗೆ ಬೇಕಾದ ಹಾಗೆ ಓದಿಕೊಳ್ಳುತ್ತಿರಬಹುದು. ಬೆಳಗಾಯಿತು ಅಂದುಕೊಂಡು ದಿನದ ಅಭ್ಯಾಸ ಮಾಡಿರಬಹುದು. ಹೋಗಬೇಡ ಅಂತ ಅವಳು ಹೇಳಿದಳು ಅಂತ ನಾನು ಬರೆಯುವುದಿಲ್ಲ. ಕೊಟ್ಟಳು ಅಂತ ಮಾತ್ರ ಬರೆಯುತ್ತೇನೆ. ಅವರು ಇನ್ನೂ ಹಾಗೇ ಕೂತಿದ್ದಾರೆ. ನಾನು ಅಡುಗೆಮನೆಗೆ ವಾಪಸ್ಸು ಬಂದು ಇದನ್ನು ಬರೆಯುತ್ತಿದ್ದೇನೆ. ನಡುವೆ ಇರುವುದು ಒಂದು ಬಾಗಿಲು. ನನಗೆ ಅದನ್ನು ದಾಟಲು ಆಗುತ್ತಿಲ್ಲ.

ಚಿಕ್ಕಮ್ಮ, ಫೋನ್ ಮಾಡು. ದನಿ ಕೇಳಿದರೆ ಉರಿದರೆ ಉರಿಯಲಿ. ನಿನಗಿನ್ನೂ ರಾತ್ರಿಯಾಗಿರುವುದಿಲ್ಲ, ಇದನ್ನು ಓದಿದ ತಕ್ಷಣ ಮಾಡು. ನನ್ನ ಮೊಬೈಲಿಗೆ ಬೇಡ, ಅದನ್ನು ನಾನು ಎತ್ತದೇ ಇದ್ದುಬಿಡುತ್ತೇನೆ, ನನ್ನ ಬುದ್ಧಿ ನಿನಗೆ ಗೊತ್ತು. ನಡುಮನೆಯ ಫೋನಿಗೆ ಮಾಡು. ಅದು ಅತ್ತೆಯ ತಲೆದಿಂಬಿನ ಪಕ್ಕದಲ್ಲೇ ಇದೆ, ಅವರೇ ಎತ್ತುತ್ತಾರೆ. ನನ್ನನ್ನು ಕರೆಯಲು ಹೇಳು. ನಾನು ಬಂದ ಮೇಲೆ ಸ್ಪೀಕರ್ ಹಾಕಿಸಿ ಅವರಿಗೆ ಅಲ್ಲೇ ಇರಿ ಅನ್ನು. ಆಮೇಲೆ ಅವರಿಗೆ ಕೇಳಿಸುವ ಹಾಗೆ, ನಿನ್ನ ಆಸ್ಪತ್ರೆಯ ದನಿಯಲ್ಲಿ, ಕೊಡೆಯ ಚಿತ್ರ ಹಿಡಿದಾಗ ಬೆರಳು ಏನು ಬರೆಯಿತು ಅಂತ ಕೇಳು. ನೀನು ಕೇಳಿದರೆ ಹೇಳುತ್ತೇನೆ. ಕೇಳದಿದ್ದರೆ ಹೇಳುವುದಿಲ್ಲ, ಕಾರು ಬರುತ್ತೆ, ಅತ್ತೆ ಹೊರಟುಹೋಗುತ್ತಾರೆ, ನಾನು ಇವತ್ತು ಸಂಜೆ ಮತ್ತೆ ಆ ಹಲಗೆಯ ಮುಂದೆ ಕೂರುತ್ತೇನೆ.

ಹಾಲಿನವನ ಗಾಡಿ ಸದ್ದಾಗುತ್ತಿದೆ. ಬೆಳಕಾಗುವ ಮೊದಲು ಮಾಡು. ಎತ್ತುವವರೆಗೂ ಬಿಡಬೇಡ.

ನಿನ್ನ
ಗಡಿಬಿಡಿ